ಪ್ರಸ್ಥಾನಕ್ಕೆ ಹೋದ ಸೂಟ್‌ಕೇಸು

ತೊಂಬತ್ತರ ದಶಕದಲ್ಲಿ ಗಂಡನ ಆಫೀಸಿನ ಎಲ್‌ಟಿಸಿಯಲ್ಲಿ, ಜಯನಗರದ ಮನೆಗೆ ಬೀಗ ಹಾಕಿ, ಅತ್ತೆಯನ್ನೂ ಕರೆದುಕೊಂಡು ಅಂಡಮಾನಿಗೆ ಹೋಗಿದ್ದೆವು. ಒಂದು ಪುಟ್ಟ ದ್ವೀಪದಿಂದ ಹೊರಡುವ ದಿನ ನಮ್ಮ ಬೋಟಿದ್ದದ್ದು ಸರಿಯಾಗಿ ರಾಹುಕಾಲಕ್ಕೆ. ಅತ್ತೆ ಬೆಳಿಗ್ಗೆಯೇ ಪ್ರಸ್ಥಾನ ಮಾಡಿಬಿಟ್ಟರು. ಒಳ್ಳೆಯ ಹೊತ್ತಿನಲ್ಲಿ ಸಾಮಾನು ಮುಂದೆ ಕಳಿಸಿದರೆ ನಾವೇ ಹೊರಟ ಹಾಗಂತೆ. ಮೊದಲ ಬೋಟು ಹತ್ತುತ್ತಿದ್ದ ಬನಶಂಕರಿಯ ದಂಪತಿಗೆ ಒಂದು ಸೂಟ್‌ಕೇಸು ಕೊಟ್ಟರು.

"ಆ ಬೋಟಲ್ಲೇ ಜಾಗ ಇದೆ, ನಾವೇ ಹೋಗೋಣ," ಅಂದೆ.

"ನನ್ನ ಪೂಜೆ ಆಗ್ಬೇಡ್ವಾ?" ಅಂದರು ಅತ್ತೆ.

ಮಧ್ಯಾಹ್ನ ನಮ್ಮ ಬೋಟು ಕೆಟ್ಟು ನಿಂತಿತು. ಬೇರೆ ಬೋಟುಗಳು ಬಂದವು, ಹೋದವು, ಒಂದರಲ್ಲೂ ಜಾಗವಿಲ್ಲ. ಬೆವರಿಗೆ ಮೈಗಂಟಿದ ಸೀರೆಯಲ್ಲಿ ಬಂದರಿನ ಕಟ್ಟೆಯ ಮೇಲೆ ಕೂತು ನೋಡಿದ್ದೇ ನೋಡಿದ್ದು. ಗಂಡ ಬೇರೆ, ಹೋಗುವ ಪ್ರತಿ ಬೋಟಿಗೂ ಕೈ ಬೀಸುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ಸಂಜೆ ವಿಧಿಯಿಲ್ಲದೆ ಲಾಡ್ಜಿಗೆ ವಾಪಸು ಬಂದೆವು. ಅತ್ತೆ ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು ಬಂದರು.

"ಹಾಗಾದ್ರೆ ಕಳಿಸಿದ್ದು ಯಾರ ಸೂಟ್‌ಕೇಸು?"

"ನಿಂದೇ ಕಣಮ್ಮ. ನನ್ನದನ್ನ ಗುರುತಿಲ್ಲದೋರ ಕೈಗೆ ಹೇಗೆ ಕೊಡೋದು?"