ಕೋಳಿಗೂಡಿನ ಬಲ್ಬು

ನಮ್ಮೂರು ಮಗ್ಗೆ ಕಡೆಯ ಚಳಿಗೆ ಕೋಳಿಗಳು ನಡುಗಬಾರದು ಅಂತ ಹಿತ್ತಿಲಲ್ಲಿ ನಾನೇ ಗೂಡು ಕಟ್ಟಿದೆ. ಹಲಗೆ ಸಂದಿಗೆಲ್ಲ ಗೋಣಿಚೀಲ ಬಡಿದು, ನೆಲಕ್ಕೆ ಕಾಫಿ ಹೊಟ್ಟು ಹರಡಿ, ಬೆಚ್ಚಗಿರಲಿ ಅಂತ ರಾತ್ರಿಯಿಡೀ ಉರಿಯೋ ಎಲ್‌ಇಡಿ ಬಲ್ಬನ್ನೂ ಹಾಕಿದೆ.

ಬೆಳಿಗ್ಗೆ ಪಕ್ಕದ ಮನೆ ಪುಟ್ಟಮ್ಮ ಕೆಂಗಣ್ಣು ಬಿಟ್ಕೊಂಡು ಬೇಲಿ ಹತ್ರ ನಿಂತಿದ್ದರು.

"ನಿಮ್ ಹುಂಜಕ್ಕೆ ಏನಾಗೈತೆ ಮಾರಾಯ್ರೇ? ಅದು ಕೂಗ್ತು ಅಂತ ಎದ್ದು ಹಂಡೆಗೆ ಉರಿ ಹಾಕ್ಬುಟ್ಟೆ. ಸ್ನಾನ ಮುಗಿದ್ರೂ ಬೆಳಕೇ ಹರೀಲಿಲ್ಲ!"

ಗೂಡಿನೊಳಗೆ ಬಲ್ಬು ತಣ್ಣಗೆ ಹೊಳೀತಿತ್ತು. ಕೋಳಿಗಳು ಮುದುಡಿ ಕೂತಿದ್ದವು. ಬಲ್ಬು ಕಿತ್ತು ಸಕಲೇಶಪುರಕ್ಕೆ ಹೋಗಿ ಅಂಗಡಿಯವರ ಮುಂದಿಟ್ಟೆ. "ಇದು ಬಿಸೀನೇ ಆಗಲ್ವಲ್ರೀ!"

"ಬಿಸಿ ಆಗಲ್ಲ ಅಂತಾನೇ ಮೆಚ್ಕೊಂಡು ತಗೊಂಡೋದ್ರಲ್ಲ ಸಾರ್?"

ಹಳೇ ಕಾಲದ, ಕೈ ಸುಡೋ ಬಲ್ಬು ತಂದು ಹಾಕಿದೆ. ಕೋಳಿಗಳೀಗ ಬೆಚ್ಚಗಿವೆ. ಆ ಬಲ್ಬೂ ಬೆಳಕು ಕೊಡುತ್ತೆ ಅನ್ನೋದನ್ನ ಮರೆತಿದ್ದೆ. ಮಾರನೇ ಬೆಳಿಗ್ಗೆ, ಮತ್ತೆ ಹುಂಜ ಕೂಗಿದ್ದಕ್ಕೆ ಕತ್ತಲಲ್ಲೇ ಸ್ನಾನ ಮುಗಿಸಿ ಬಂದ ಪುಟ್ಟಮ್ಮ ನೆನಪಿಸಿದರು.