ಬಿಸಿಲು ಕಾಣದ ಬದನೆ ಸಸಿಗಳು

ಲಂಡನ್ನಿನ ಕಿಂಗ್ಸ್‌ಬರಿಯ ಮಾರ್ಸೆಲ್ ಮೂವತ್ತೊಂದು ವರ್ಷ ಟೂಟಿಂಗಿನ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ದೋಸೆ ಹುಯ್ದವರು. ಆ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಹೊರಗೆ ಮಳೆಯೋ ಬಿಸಿಲೋ ಎಂಬುದನ್ನು ಮೇಲಿನಿಂದ ಇಳಿದು ಬಂದ ಸಪ್ಲೈಯರನೇ ಹೇಳಬೇಕು. ನಿವೃತ್ತರಾದ ಮೊದಲ ಮಾರ್ಚ್‌ನಲ್ಲೇ ಅವರು ಉರುಟು ಬದನೆಯ ಬೀಜದ ಪೊಟ್ಟಣ ತಂದು ಮೊಸರಿನ ಡಬ್ಬಿಗಳಲ್ಲಿ ಬಿತ್ತಿದರು.

ನಲವತ್ತು ಸಸಿ ಎದ್ದವು. ಮಾರ್ಸೆಲ್ ಹಿಗ್ಗಿದ್ದು ನಾಲ್ಕೇ ದಿನ. ಆಮೇಲೆ ಕವಿದ ಮೋಡ ಹೋಗಲೇ ಇಲ್ಲ. ಮನೆಯ ಅಡುಗೆಕೋಣೆಯ ಕಿಟಕಿಯೋ ನೇರ ಬಿಸಿಲು ಬಾರದ ಉತ್ತರಕ್ಕೆ. ಸಸಿಗಳು ಬೆಳಕು ಹುಡುಕುತ್ತ ನೂಲಿನಂತೆ ಉದ್ದವಾಗಿ ಗಾಜಿನ ಕಡೆಗೆ ವಾಲಿದವು. ಡಬ್ಬಿಗಳನ್ನು ದಿನಕ್ಕೆರಡು ಸಲ ತಿರುಗಿಸಿದರು. ರಟ್ಟಿಗೆ ಫಾಯಿಲ್ ಅಂಟಿಸಿ ಹಿಂದೆ ನಿಲ್ಲಿಸಿದರು. "ನೆಟ್ಟಗೆ ನಿಲ್ಲು ಮಾರಾಯ" ಎಂದು ಗದರಿಸಿಯೂ ನೋಡಿದರು.

ಮನೆಯಲ್ಲಿ ದಕ್ಷಿಣಕ್ಕೆ ಇದ್ದದ್ದು ಮಲಗುವ ಕೋಣೆಯ ಕಿಟಕಿ ಮಾತ್ರ. ಅಲ್ಲಿ ಹಗಲೆಲ್ಲ ದಪ್ಪ ಪರದೆ ಎಳೆದುಕೊಂಡು ಹೆಂಡತಿ ಜೂಲಿಯಾ ಮಲಗುತ್ತಿದ್ದರು. ಅವರು ನೈಟ್ ಡ್ಯೂಟಿಯ ನರ್ಸ್. ಒಂದು ಮಂಗಳವಾರ ಮಾರ್ಸೆಲ್ ಸದ್ದಿಲ್ಲದೆ ಒಳಹೋಗಿ ಪರದೆಯ ಹಿಂದೆ ಡಬ್ಬಿಗಳ ಟ್ರೇ ಇಡುವಾಗ ಬೆಳಕು ನೇರ ಜೂಲಿಯಾರ ಮುಖಕ್ಕೆ ಬಿತ್ತು.

"ಎಂತ ಮಾರಾಯ್ರೆ ಇದು? ಹನ್ನೆರಡು ಗಂಟೆ ನಿಂತು ಬಂದಿದ್ದೇನೆ. ನಿಮ್ಮ ಬದನೆಗೆ ಬೆಳಕು ಬೇಕು, ನನಗೆ ಕತ್ತಲೆ ಬೇಡವಾ?"

"ಅರ್ಧ ಗಂಟೆ ಮಾತ್ರ ಜೂಲಿ..."

"ತೆಗೀರಿ!"

ತೆಗೆಯುವ ಗಡಿಬಿಡಿಯಲ್ಲಿ ಎರಡು ಡಬ್ಬಿ ಕಾರ್ಪೆಟಿನ ಮೇಲೆ ಬೋರಲಾದವು. ಮಾರ್ಸೆಲ್ ಸಿಟ್ಟಿನಲ್ಲಿ ಉಳಿದವನ್ನು ಹಿತ್ತಲಿಗೆ ಒಯ್ದಿಟ್ಟರು. ಅಲ್ಲಿ ಬೆಳಕೇನೋ ಇತ್ತು, ಆದರೆ ಸಂಜೆಯೊಳಗೆ ಚಳಿಗಾಳಿಗೆ ಅರ್ಧಕ್ಕರ್ಧ ಮುದುಡಿದವು.

ಪಿನ್ನರ್‌ನಲ್ಲಿದ್ದ ಮಗಳು ಎಲೀಷಾಳಿಗೆ ಫೋನಿನಲ್ಲಿ ಗೋಳು ಹೇಳಿಕೊಂಡರು.

"ಜಸ್ಟ್ ಬೈ ಎ ಗ್ರೋ ಲೈಟ್, ಡ್ಯಾಡ್."

"ಈ ಊರಿನಲ್ಲಿ ಸೂರ್ಯನನ್ನೂ ಅಂಗಡಿಯಿಂದಲೇ ತರಬೇಕಾ?"

ರೇಗಿದರೂ ತಂದರು. ಗಿಡ ಬೆಳೆಸುವ ಆ ದೀಪವನ್ನು ಶೆಲ್ಫಿನ ಕೊಕ್ಕೆಗೆ ತೂಗುಹಾಕಿ ವಾರ ಕಾದರು. ಸಸಿಗಳು ಇನ್ನೂ ಉದ್ದವಾದವು. ಟ್ರೇಯನ್ನು ಕಸದ ಡಬ್ಬಿಗೆ ಸುರಿಯಲು ಎತ್ತಿಯೂ ಆಗಿತ್ತು; ಅಷ್ಟರಲ್ಲಿ ಚಹಾಕ್ಕೆಂದು ಬಂದ ಜೂಲಿಯಾ ತಡೆದರು.

"ದೀಪ ಅಟ್ಟದಲ್ಲಿಟ್ಟರೆ ಅವು ಅಲ್ಲಿಗೇ ಹತ್ತುತ್ತವೆ. ಹತ್ತಿರ ಇಡಿ."

ಅವರೇ ಕೇಕಿನ ಡಬ್ಬಗಳನ್ನು ಪೇರಿಸಿ, ದೀಪಕ್ಕೆ ಒಂದು ಗೇಣು ಕೆಳಗೆ ಬರುವಂತೆ ಟ್ರೇ ಇಟ್ಟರು. ಬೆಳಿಗ್ಗೆ ಡ್ಯೂಟಿಯಿಂದ ಬಂದವರು ಕೋಟು ಬಿಚ್ಚುವ ಮೊದಲೇ ಸ್ವಿಚ್ ಹಾಕತೊಡಗಿದರು. ಮಾರ್ಸೆಲ್ ಕಾಣದವರಂತೆ ಚಹಾಕ್ಕೆ ನೀರಿಡುತ್ತಿದ್ದರು. ಕಂಡೆನೆಂದರೆ ನಿಲ್ಲಿಸಿಬಿಟ್ಟಾರು ಎಂಬ ಹೆದರಿಕೆ.

ಹನ್ನೊಂದು ಸಸಿ ಬದುಕಿದವು. ಕಾಂಡ ಗಟ್ಟಿಯಾಯಿತು, ಎಲೆಗೆ ಬಣ್ಣ ಬಂತು. ಹಿತ್ತಲಿನ ಕುಂಡಗಳಿಗೆ ನೆಟ್ಟ ವಾರವೇ ಆಕಾಶ ತೆರೆದು ಬೆಂಕಿಯಂಥ ಬಿಸಿಲು ಬಿತ್ತು. ದೀಪದಡಿ ಬೆಳೆದ ಎಲೆಗಳು ಒಂದೇ ಮಧ್ಯಾಹ್ನಕ್ಕೆ ಬಿಳಚಿಕೊಂಡವು. ಮಾರ್ಸೆಲ್ ಆಕಾಶಕ್ಕೆ ಮುಖಮಾಡಿ ಕೊಂಕಣಿಯಲ್ಲಿ ಮನಸಾರೆ ಬೈದು, ಹಳೆಯ ಬೆಡ್‌ಶೀಟು ಹುಡುಕಿ ನೆರಳು ಕಟ್ಟಿದರು.

ಆಗಸ್ಟ್ ಕೊನೆಗೆ ನಾಲ್ಕು ಕಾಯಿ ಸಿಕ್ಕಿದವು. ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದರು. "ಅಂಗಡಿಯ ಬದನೆಯೇ ಇದಕ್ಕಿಂತ ವಾಸಿ" ಎಂದು ಗೊಣಗುತ್ತಲೇ, ಜೂಲಿಯಾರ ತಟ್ಟೆಗೆ ದೊಡ್ಡವೆರಡನ್ನು ಹಾಕಿದರು.