ಯಾವ ‘ಆತು’?

ನಿಯಮಗಳಿಂದ ಯೋಚಿಸುವ ಯಂತ್ರ ಎಂದು ಬೋರ್ಡಿನ ಮೇಲೆ ಬರೆದು ಈಚೆ ತಿರುಗಿದ್ದೆ ಅಷ್ಟೆ, ಕಿಟಕಿಯಿಂದ ಒಣ ಬಂಗಡೆ ಮೀನು ಸುಡುವ ವಾಸನೆ ನುಗ್ಗಿ ಬಂತು. ಕ್ಲಾಸಿನಲ್ಲಿ ಕೆಲವರು ಮೂಗು ಮುಚ್ಚಿಕೊಂಡರು, ಉಳಿದವರು ಅಗಲಿಸಿದರು. ಪಾಠದ ಎಳೆ ನನಗೆ ಅಲ್ಲೇ ತಪ್ಪಿತು. ಬಂಗಡೆಯಿಂದ ಅತ್ತೆ ನೆನಪಾದಳು, ಅತ್ತೆಯಿಂದ ಸುಜಾತಾ, ಸುಜಾತಾಳಿಂದ ನನ್ನ ಆಯುಷ್ಯದ ಅತಿ ದೊಡ್ಡ ಫಜೀತಿ. ಮಕ್ಕಳಿಗೆ ಅದನ್ನು ಹೇಳುವಂತಿಲ್ಲ. ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ಅತ್ತೆ ಎಂದರೆ ಅಪ್ಪನ ತಂಗಿ. ಕುಮಟಾ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು. ಮಾತಿಗೆ ನಿಂತರೆ ಎದುರಿನವರು ಕೊಡೆ ಮರೆತು ಹೋಗುತ್ತಿದ್ದರು. ಯಾರಿಗೆ ಏನು ತಂದುಕೊಡುತ್ತೇನೆ ಅಂದಿದ್ದೆ ಎಂಬುದನ್ನು ಅವಳು ಮರೆಯುತ್ತಿದ್ದಳು. ಆಗ ಹೊನ್ನಾವರದ ಕಾಲೇಜಿನಲ್ಲಿ ನನ್ನದು ಕಡೆಯ ವರ್ಷ, ಪ್ರಾಜೆಕ್ಟ್ ಮಾಡಬೇಕಿತ್ತು. ಅತ್ತೆಯ ವ್ಯಾಪಾರಕ್ಕೇ ಒಂದು ಪ್ರೋಗ್ರಾಂ ಬರೆದೆ.

ಅದರ ಒಳಗುಟ್ಟು ಬಹಳ ಸರಳ. ಒಂದು ಕಡೆ ಗೊತ್ತಿರುವ ಸಂಗತಿಗಳು, ಇನ್ನೊಂದು ಕಡೆ ‘ಹೀಗಿದ್ದರೆ ಹಾಗೆ’ ಎನ್ನುವ ನಿಯಮಗಳು. ಹೋಟೆಲಿನವರು ಇಸ್ವಾಣ ಮೀನು ಕೇಳಿದ್ದರೆ, ದೋಣಿಯವರಿಗೆ ಹೇಳಬೇಕು. ದೋಣಿಯವರಿಗೆ ಹೇಳಿ ಆಗಿದ್ದರೆ, ಐಸಿಗೆ ಹೇಳಬೇಕು. ಒಂದು ನಿಯಮದ ಕೊನೆ ಮುಂದಿನ ನಿಯಮವನ್ನು ಎಬ್ಬಿಸುತ್ತದೆ, ಅದು ಅದರ ಮುಂದಿನದನ್ನು. ಯಂತ್ರಕ್ಕೆ ಬುದ್ಧಿ ಅಂತ ಏನೂ ಇಲ್ಲ, ಭಯಂಕರ ವಿಧೇಯತೆ ಮಾತ್ರ ಉಂಟು. ಇನ್ನೊಂದು ದೊಡ್ಡ ಗುಣವೆಂದರೆ ‘ಯಾಕೆ?’ ಎಂಬ ಗುಂಡಿ. ಒತ್ತಿದರೆ ಯಾವ ಸಂಗತಿಯಿಂದ ಯಾವ ನಿಯಮ ಹಿಡಿದು ಅಲ್ಲಿಗೆ ಬಂದೆ ಎಂದು ಸಾಲಾಗಿ ತೋರಿಸುತ್ತಿತ್ತು. ಈಗಿನ ಮಾತಾಡುವ ಯಂತ್ರಗಳನ್ನು ಯಾಕೆ ಅಂತ ಕೇಳಿ ನೋಡಿ, ಚಂದದ ಒಂದು ಸಬೂಬು ಹೇಳುತ್ತವೆ. ನನ್ನದು ಪಾಪದ ಯಂತ್ರ, ಅದಕ್ಕೆ ಸಬೂಬು ಗೊತ್ತಿರಲಿಲ್ಲ.

ಆ ಪ್ರೋಗ್ರಾಮಿನಲ್ಲಿ ನಾನು ಬಹಳ ಪ್ರೀತಿಯಿಂದ ಬರೆದ ನಿಯಮ ಇದು: ಉತ್ತರ ‘ಆತು’ ಎಂದಿದ್ದರೆ, ಕೆಲಸ ಮುಗಿದಿದೆ. ಆತು ಎಂದರೆ ನಮ್ಮ ಕಡೆಯ ‘ಆಯಿತು’. ಘಟ್ಟದ ಮೇಲಿನವನು ಯಾರೋ ಬರೆದಿದ್ದರೆ ಕ್ಷಮಿಸಬಹುದಿತ್ತು. ಕುಮಟೆಯಲ್ಲಿ ಹುಟ್ಟಿ, ಆತು ಕೇಳಿಯೇ ಬೆಳೆದ ನಾನು ಬರೆದೆ!

ಇನ್ನು ಸುಜಾತಾ. ನನ್ನದೇ ಕ್ಲಾಸು, ಊರು ಭಟ್ಕಳದ ಹತ್ತಿರ ಮುಟ್ಟಳ್ಳಿ. ಅವಳ ಬಸ್ಸು ಆ ಕಡೆಯಿಂದ, ನನ್ನ ಬಸ್ಸು ಈ ಕಡೆಯಿಂದ, ಹೊನ್ನಾವರ ಸ್ಟ್ಯಾಂಡಿನಲ್ಲಿ ಇಬ್ಬರೂ ಇಳಿಯುತ್ತಿದ್ದೆವು. ನನಗೆ ಅವಳೆಂದರೆ ಜೀವ. ಅವಳ ಎದುರು ನಿಂತರೆ ಮಾತ್ರ ಬಾಯಿಂದ ಇಂಟರ್ನಲ್ ಮಾರ್ಕ್ಸಿನ ವಿಷಯ ಬಿಟ್ಟು ಬೇರೆ ಬರುತ್ತಿರಲಿಲ್ಲ. ಕಡೆಗೆ ಅತ್ತೆಯ ಕಾಲು ಹಿಡಿದೆ.

“ಅತ್ತೆ, ಮುಟ್ಟಳ್ಳಿಗೆ ಹೋಗಿ ಅವಳ ಮನೆಯಲ್ಲಿ ಒಂದು ಮಾತಾಡು.”

ಅತ್ತೆ ಶೆಟ್ಲಿ ಸಿಗಡಿ ಸುಲಿಯುತ್ತಾ ತಲೆ ಎತ್ತದೆ ಹೇಳಿದಳು, “ಆತು ತಮಾ.”

ಹುಚ್ಚು ನೋಡಿ, ನಾನು ಹೋಗಿ ಅದನ್ನೂ ಯಂತ್ರಕ್ಕೆ ತುಂಬಿಸಿದೆ. ಇನ್ನೂ ಎರಡು ನಿಯಮ ಸೇರಿಸಿದೆ. ಅತ್ತೆ ಮಾತಾಡಿದ್ದರೆ, ಹುಡುಗಿಯ ಮನೆಗೆ ವಿಷಯ ಗೊತ್ತು. ವಿಷಯ ಗೊತ್ತಿದ್ದೂ ‘ಬೇಡ’ ಎಂದು ಸುದ್ದಿ ಬಂದಿಲ್ಲವಾದರೆ, ಒಪ್ಪಿಗೆ. ಎಂಟರ್ ಒತ್ತಿದೆ. ‘ಮುಟ್ಟಳ್ಳಿ: ಒಪ್ಪಿಗೆ’ ಎಂದು ಬಂತು. ಅಯ್ಯೋ, ಆ ಸಂತೋಷ ಹೇಗೆ ಹೇಳಲಿ! ಬಸ್ಸಿನಲ್ಲಿ ಗುರುತಿಲ್ಲದವರಿಗೆಲ್ಲ ಸೀಟು ಬಿಟ್ಟುಕೊಟ್ಟೆ. ಕಂಡಕ್ಟರ್ ಬೈದರೂ ನಕ್ಕೆ.

ಸ್ಟ್ಯಾಂಡಿನಲ್ಲಿ ಇಳಿದ ಸುಜಾತಾಳ ಎದುರು ಮೊದಲ ಬಾರಿಗೆ ಎದೆಯುಬ್ಬಿಸಿ ನಿಂತೆ. “ನೀವೆಲ್ಲ ಒಪ್ಪಿದ್ದು ಬಹಳ ಖುಷಿ ಆತು.”

“ಎಂತ ಒಪ್ಪಿದ್ದು?”

“ನಮ್ಮ ಮದುವೆ.”

ಅವಳ ಕೈಯಲ್ಲಿದ್ದ ಕೊಡೆ ಬಿತ್ತು. ಪಕ್ಕದಲ್ಲಿ ಅಬ್ಬಲಿಗೆ ಹೂ ಮಾರುತ್ತಿದ್ದ ಹೆಂಗಸು ಕಟ್ಟುವುದನ್ನು ನಿಲ್ಲಿಸಿ ನಮ್ಮನ್ನೇ ನೋಡಿದಳು.

“ಥೋ! ನನಗೇ ಗೊತ್ತಿಲ್ಲದೆ ನನ್ನ ಮದುವೆಯಾ? ಯಾರು ಹೇಳಿದ್ದು ನಿಂಗೆ?”

ಕಂಪ್ಯೂಟರು ಹೇಳಿತು ಎಂದೆ. ಅವಳು ನನ್ನನ್ನು ಎದುರಿನ ಚಾದಂಗಡಿಗೆ ಹೆಚ್ಚುಕಡಿಮೆ ಎಳೆದುಕೊಂಡು ಹೋದಳು, ಲ್ಯಾಪ್‌ಟಾಪ್ ತೆಗೆಸಿದಳು, ತಾನೇ ‘ಯಾಕೆ?’ ಒತ್ತಿದಳು. ಓದುತ್ತಾ ಓದುತ್ತಾ ತಡೆದ ನಗು ಅವಳ ಮೂಗಿನಿಂದ ಹೊರಬಂತು.

“ನಿನ್ನ ಅತ್ತೆ ನಮ್ಮನೆ ಹೊಸಿಲೂ ತುಳಿಯಲಿಲ್ಲ ಮಾರಾಯ. ಮಾಡು ಅಂದಾಗ ಆತು ಅಂದರೆ ಮಾಡ್ತೆ ಅಂತ. ಆತಾ ಅಂತ ಕೇಳಿದಾಗ ಆತು ಅಂದರೆ ಮಾತ್ರ ಮುಗೀತು ಅಂತ. ಪ್ರಶ್ನೆ ನೋಡದೆ ಉತ್ತರ ಮಾತ್ರ ಬರ್ಕೊಂಡರೆ ಹೀಂಗೇ ಆಗ್ತದೆ.”

ಆ ನಿಯಮವನ್ನು ಅಲ್ಲಿಯೇ ತಿದ್ದಿದಳು. ಮುಂದಿನ ನಿಯಮಕ್ಕೆ ಬಂದಾಗ ನಗು ನಿಂತಿತು. “ಬೇಡ ಅನ್ನದಿದ್ದರೆ ಒಪ್ಪಿಗೆಯಾ? ಸುಮ್ಮನಿದ್ದ ಹುಡುಗಿಯರೆಲ್ಲ ಒಪ್ಪಿದ ಹಾಂಗೆ ಎಂತ? ಇದನ್ನ ಅಳಿಸು. ನಾನು ಹೇಳುವವರೆಗೆ ‘ಗೊತ್ತಿಲ್ಲ’ ಅಂತ ಬರೆ.”

ಅಳಿಸಿದೆ. ಒಪ್ಪಿಗೆ ಮಾಯವಾಗಿ ‘ಗೊತ್ತಿಲ್ಲ’ ಬಂತು. ನಾನು ತಣ್ಣಗಾದ ಚಾ ಕುಡಿಯುತ್ತಾ, ಜೀವಮಾನದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಕೇಳಿದೆ: “ಹಾಗಾದರೆ ನಿನ್ನನ್ನೇ ಕೇಳ್ತೆ. ಆಗ್ತೀಯಾ?”

“ಯೋಚನೆ ಮಾಡಿ ಹೇಳ್ತೆ” ಎಂದು ಕೊಡೆ ಕೊಡವಿಕೊಂಡು ಕ್ಲಾಸಿಗೆ ಹೋದಳು. ಚಾದ ದುಡ್ಡು ಅವಳೇ ಕೊಟ್ಟಿದ್ದಳು. ಅದರಿಂದ ಯಾವ ತೀರ್ಮಾನವನ್ನೂ ಮಾಡಬಾರದು ಎಂದು ನಾನು ನನಗೇ ದಾರಿಯುದ್ದಕ್ಕೂ ಬುದ್ಧಿ ಹೇಳಿಕೊಂಡೆ.

‘ಗೊತ್ತಿಲ್ಲ’ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂದು ಆಮೇಲೆ ತಿಳಿಯಿತು. ಊಟ ಸೇರುತ್ತಿರಲಿಲ್ಲ, ಸೇರಿದರೆ ಹೊಟ್ಟೆ ತುಂಬುತ್ತಿರಲಿಲ್ಲ. ದಿನಾ ಎಂಟರ್ ಒತ್ತುತ್ತಿದ್ದೆ, ಹೊಸ ಸಂಗತಿ ಇಲ್ಲದೆ ಯಂತ್ರ ಎಲ್ಲಿಂದ ಹೊಸ ಉತ್ತರ ತರಬೇಕು? ಅತ್ತೆಗಂತೂ ನಾನು ಹೇಳಿದ್ದೇ ಮರೆತಿರಬೇಕು ಎಂದುಕೊಂಡಿದ್ದೆ. ಮರೆತಿರಲಿಲ್ಲ. ಒಂದು ಭಾನುವಾರ ಒಳ್ಳೆಯ ಸೀರೆ ಉಟ್ಟು, ಯಾರಿಗೂ ಹೇಳದೆ ಮುಟ್ಟಳ್ಳಿಗೆ ಬಸ್ಸು ಹತ್ತಿದ್ದಳು. ಮಧ್ಯಾಹ್ನ ಸುಜಾತಾಳ ಫೋನು ಬಂತು.

“ನಿನ್ನ ಅತ್ತೆ ಬಂದು ಕೂತಿದ್ದಾಳೆ. ಅಮ್ಮನಿಗೆ ಮೀನು ಸಾರು ಹೇಗೆ ಮಾಡುದು ಹೇಳಿಕೊಡ್ತಾ ಇದ್ದಾಳೆ. ಅಪ್ಪ ನನ್ನ ಒಳಗೆ ಕರೆದು ಕೇಳಿದರು.”

“ನೀ ಎಂತ ಅಂದೆ?”

“ಆತು ಅಂದೆ.”

“ಯಾವ ಆತು?” ಎಂದು ಕಿರುಚಿದೆ. ಆ ಕಡೆಯಿಂದ ನಗು ಬಿಟ್ಟರೆ ಏನೂ ಕೇಳಿಸಲಿಲ್ಲ. ನಾನು ಫೋನು ಹಿಡಿದುಕೊಂಡೇ ಅಂಗಳದಲ್ಲಿ ಕುಣಿದೆ. ನೆರೆಮನೆಯ ಬಾಯಮ್ಮ ಕೊಂಕಣಿಯಲ್ಲಿ ದೇವರನ್ನು ನೆನೆದಳು.

“ಸರ್, ಸರ್!” ಕ್ಲಾಸಿನಲ್ಲಿ ಮುಂದಿನ ಬೆಂಚಿನ ಹುಡುಗಿ ಕರೆಯುತ್ತಿದ್ದಳು. “ಇಲ್ಲ ಅಂತ ಎಲ್ಲೂ ಹೇಳದಿದ್ದರೆ ಹೌದು ಅಂತ ತಗೊಂಡರೆ ಎಂತ ತಪ್ಪು, ಸರ್?”

ಪುಸ್ತಕದಲ್ಲಿದ್ದ ಉತ್ತರ ಹೇಳಿದೆ. ಹೇಳುತ್ತಿದ್ದಂತೆ ನನ್ನ ಮನೆಯ ಲೆಕ್ಕವೂ ಹಾಗೇ ಎಂದು ಹೊಳೆಯಿತು. ಸುಜಾತಾ ಗೊಣಗುವವಳಲ್ಲ. ಗೊಣಗುವುದಿಲ್ಲ, ಹಾಗಾದರೆ ಸುಖವಾಗಿದ್ದಾಳೆ. ಮದುವೆಯಾಗಿ ಇಷ್ಟು ವರ್ಷ ನಾನು ಹಾಗೇ ತಿಳಿದುಕೊಂಡಿದ್ದೆ. ಅವಳನ್ನೇ ಕೇಳಿದ್ದು ನೆನಪೇ ಇರಲಿಲ್ಲ.

ಸಂಜೆ ಮನೆ ಮುಟ್ಟಿದಾಗ ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಚಪ್ಪಲಿಯನ್ನೂ ಬಿಡದೆ ಕೇಳಿದೆ, “ಸುಜಾತಾ, ನನ್ನ ಜೊತೆ ನಿಂಗೆ ಖುಷಿ ಉಂಟಾ?”

ಅವಳು ಟವಲನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡಿದಳು. ಕೆಲಸದ ಮಧ್ಯೆ ಕೊಡುವ ಉತ್ತರ ಅಲ್ಲ ಎಂಬಂತೆ, ಉಳಿದ ಬಟ್ಟೆಯನ್ನು ಬದಿಗೆ ಸರಿಸಿದಳು.

“ಉಂಟು,” ಅಂದಳು. “ಈಗ ಕೇಳಿದೆಯಲ್ಲ, ಸ್ವಲ್ಪ ಜಾಸ್ತಿ ಆತು.”